ನಿನ್ನೆಯ ನೀರು

ಬೇಲೂರಿನ ಹಲ್ಲಿನ ಡಾಕ್ಟರು ಪ್ರತಿಮಾ ಅವರ ಕ್ಲಿನಿಕ್ಕಿಗೆ 2004ರಲ್ಲಿ ಒಂದು ಹೊಸ ಯಂತ್ರ ಬಂತು. ಉಪ್ಪು ಬೆರೆಸಿದ ನೀರಿಗೆ ಅದು ಕರೆಂಟು ಹಾಯಿಸಿದರೆ ಕ್ರಿಮಿ ಕೊಲ್ಲುವ ಆಮ್ಲದ ನೀರು ತಯಾರಾಗುತ್ತಿತ್ತು. ಆ ನೀರು ಹಿಡಿದು ಕುರ್ಚಿ, ತಟ್ಟೆ ಒರೆಸುವ ಕೆಲಸ ಬಸ್ತಿಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆಯಾ ಮುತ್ತಮ್ಮನದು.

ಮುತ್ತಮ್ಮ ಬೆಳಗ್ಗೆ ಬಂದವಳೇ, ಮನೆಯ ಕೊಡಗಳಿಗೆ ಮಾಡುವಂತೆಯೇ, ಕ್ಯಾನಿನಲ್ಲಿ ಉಳಿದ ನಿನ್ನೆಯ ನೀರನ್ನೆಲ್ಲ ಮೋರಿಗೆ ಸುರಿದು ಹೊಸದು ಹಿಡಿಯುತ್ತಿದ್ದಳು.

"ಅದು ಕುಡಿಯೋ ನೀರಲ್ಲ, ಔಷಧಿ ಕಣ್ರೀ! ಯಾಕೆ ಚೆಲ್ತೀರಾ?" ಎಂದು ಡಾಕ್ಟರು ದಿನಾ ರೇಗುತ್ತಿದ್ದರು.

"ತಂಗಳು ನೀರು ನಾನು ಮುಟ್ಟಾಕಿಲ್ಲ. ಬೇಕಾದ್ರೆ ಬೇರೆಯೋರ್ನ ನೋಡ್ಕಳಿ" ಎಂದು ಮುತ್ತಮ್ಮನೂ ಅಷ್ಟೇ ಜೋರು ಮಾಡುತ್ತಿದ್ದಳು.

ತಿಂಗಳಾದ ಮೇಲೆ ಯಂತ್ರ ನೋಡಲು ಬಂದ ಕಂಪನಿಯ ಮಧುಕುಮಾರ್ ಕ್ಯಾನಿನ ನೀರಿಗೆ ಅದರ ಶಕ್ತಿ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಿ ಹಿಗ್ಗಿದ. "ಮೇಡಂ, ಇಟ್ಟಷ್ಟೂ ಇದರ ಶಕ್ತಿ ಇಳಿದುಹೋಗುತ್ತೆ. ದಿನಾ ಹೊಸದೇ ಹಿಡೀಬೇಕು ಅನ್ನೋದನ್ನ ಎಲ್ಲರೂ ಮರೀತಾರೆ, ನೀವು ಮರೆತಿಲ್ಲ!"

ಡಾಕ್ಟರು ನಗು ತಡೆಯಲಾರದೆ ಮುತ್ತಮ್ಮನತ್ತ ಕೈ ತೋರಿಸಿದರು.

"ಯಾರಮ್ಮ ನಿಮಗೆ ಹೇಳಿಕೊಟ್ಟಿದ್ದು?" ಎಂದು ಮಧುಕುಮಾರ್ ಕೇಳಿದ.

"ನಮ್ಮತ್ತೆ" ಎಂದಳು ಮುತ್ತಮ್ಮ, ಕುರ್ಚಿ ಒರೆಸುತ್ತಲೇ. "ಪಾಪ, ಅವರ ಬಾಯಲ್ಲಿ ಒಂದು ಹಲ್ಲೂ ಇರ್ನಿಲ್ಲ."