ಜಮಖಂಡಿಯ ಟೆನಿಸ್ ಸಾಹೇಬ

ಮೊನ್ನೆ ಹಳೆಯ ಟ್ರಂಕು ತೆಗೆದಾಗ ಕಮಟು ವಾಸನೆಯೊಂದು ಮುಖಕ್ಕೆ ಬಡಿಯಿತು. ನನ್ನ ಟೆನಿಸ್ ರಾಕೆಟ್ಟು. ಕುರಿಯ ಕರುಳಿನಿಂದ ಮಾಡಿದ ಅದರ ತಂತಿ ಕೊಳೆತುಹೋಗಿತ್ತು. ಆ ನಾತಕ್ಕೆ ನೆನಪಾದವನು ನಮ್ಮ ಕ್ಲಬ್ಬಿನ ಇಂಗ್ಲಿಷ್ ಸಾಹೇಬ. ಒಳ್ಳೆಯ ನೆನಪೇನಲ್ಲ.

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ನಾನು ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಎಲ್ಲೆಲ್ಲೋ ರಾಜಕುಮಾರರಿಗೆ ಟೆನಿಸ್ ಕಲಿಸುತ್ತಿದ್ದ ಈ ಸಾಹೇಬ, ಸಂಸ್ಥಾನಗಳು ಮುಗಿದ ಮೇಲೆ ನಮ್ಮ ಕ್ಲಬ್ಬಿಗೆ ಬಂದು ಬಿದ್ದಿದ್ದ. ಅವನ ಕೋಣೆ, ಊಟ ಎಲ್ಲ ಕ್ಲಬ್ಬಿನ ಅಧ್ಯಕ್ಷರೂ ನಮ್ಮ ಮಾಮಲೇದಾರರಿಗೂ ಮೇಲಿನವರೂ ಆದ ಪ್ರಾಂತ ಅಧಿಕಾರಿಯ ಕೃಪೆ.

ಪಾನಬಂದಿಯ ಕಾಲ. ಬರೀ ಸೋಡಾ ಕುಡಿದೇ ದಿನಾ ಸಂಜೆ ಅಮಲೇರಿದವನಂತೆ ತನ್ನ ಕಥೆ ಹೇಳಿ ಅಳುತ್ತಿದ್ದ. ಹರೆಯದಲ್ಲೇ ಇಂಗ್ಲೆಂಡಿನಲ್ಲಿ ಟೆನಿಸ್ ಕಪ್ ಗೆದ್ದನಂತೆ. ಹೊಟ್ಟೆಪಾಡಿಗೆ ಹಣ ಪಡೆದು ಆಡಿದ್ದೇ ತಪ್ಪಾಯಿತಂತೆ. ಸಂಬಳಕ್ಕೆ ಆಡುವವನು ದೊಡ್ಡ ಪಂದ್ಯಗಳಿಗೆ ಇಳಿಯಕೂಡದೆಂದು ಬಾಗಿಲು ಹಾಕಿದರಂತೆ. ಆಮೇಲೆ ಸರ್ಕಸ್ಸಿನವರ ಹಾಗೆ ಊರೂರಿಗೆ ಟಿಕೆಟ್ಟಿನ ಆಟ, ಕೆಟ್ಟ ಮೊಣಕಾಲು, ಹಿಂದುಸ್ತಾನದ ಹಡಗು… ನಾವೂ ಪೆದ್ದರಂತೆ ಕಣ್ಣೊರೆಸಿಕೊಳ್ಳುತ್ತಿದ್ದೆವು.

ಕ್ಲಬ್ಬಿನ ಮಾರ್ಕರ್ ಬನಹಟ್ಟಿಯ ನೇಕಾರರವನು. ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವುದು, ರಾಕೆಟ್ಟಿನ ತಂತಿ ಬಿಗಿಯುವುದು, ಸದಸ್ಯರಿಗೆ ಜೊತೆ ಸಿಗದಿದ್ದರೆ ಆಡುವುದು ಅವನ ಕೆಲಸ. ಅವನಂಥ ಆಟ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ವರ್ಷ ಡಬಲ್ಸ್‌ನಲ್ಲಿ ಅವನೇ ನನ್ನ ಜೋಡಿ. ಗೆದ್ದವರನ್ನು ಬೆಳಗಾವಿಗೆ ಆಡಲು ಕಳಿಸುವುದೆಂದು ಠರಾವಾಗಿತ್ತು. ನನಗದು ಎರಡು ದಿನದ ಮೋಜು. ಅವನಿಗೋ, ಯಾರಾದರೂ ನೋಡಿ ದೊಡ್ಡ ಕ್ಲಬ್ಬಿಗೆ ಕರೆದಾರು, ಮಗ್ಗಕ್ಕೆ ಮರಳುವುದು ತಪ್ಪೀತು ಎಂಬ ಆಸೆ.

ಫೈನಲ್ಲಿನಲ್ಲಿ ಎದುರಾದವರು ಪ್ರಾಂತ ಅಧಿಕಾರಿಯೇ. ಹಿಂದಿನ ಸಂಜೆ ಅವರು, ಮಾರ್ಕರ್ ಪಂದ್ಯ ಆಡಬಹುದೇ ಎಂದು ಸಾಹೇಬನನ್ನು ಕೇಳಿದರು. ನಾವು ನಿಶ್ಚಿಂತೆಯಿಂದಿದ್ದೆವು. ಆ ಸಂಕಟ ಉಂಡವನಲ್ಲವೇ ಇವನು! ಸಾಹೇಬ ಅಧಿಕಾರಿಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, ಸಂಬಳ ಪಡೆಯುವವನು ಆಡಕೂಡದು, ಅದು ಆಟದ ಮರ್ಯಾದೆ ಅಂದ. ಎರಡು ಹೊತ್ತಿನ ಕೂಳಿಗೆ! ಥೂ, ಈಗಲೂ ಮೈ ಉರಿಯುತ್ತದೆ.

ಮಾರ್ಕರ್ ನನ್ನ ಕಡೆ ನೋಡಿದ. ನಾನು ಬಗ್ಗಿ ಬೂಟಿನ ದಾರ ಬಿಗಿದುಕೊಂಡೆ. ಮರುದಿನ ಇನ್ನೊಬ್ಬ ಕಾರಕೂನನ ಜೊತೆ ಆಡಿ ಸೋತೆ. ಅದೇ ವಾರ ಮಾರ್ಕರ್ ಬನಹಟ್ಟಿಗೆ ಹೊರಟುಹೋದ. ಸಾಹೇಬನೂ ಬಹಳ ದಿನ ಉಳಿಯಲಿಲ್ಲ. ಹೊಸದಾಗಿ ಬಂದ ಅಧಿಕಾರಿಗೆ ಟೆನಿಸ್ ಬೇಕಿರಲಿಲ್ಲ. ಕೋಣೆ ಖಾಲಿ ಮಾಡಿಸಿದರು. ಕುಡಚಿಯಲ್ಲಿ ರೈಲು ಹತ್ತಿದನಂತೆ. ಎಲ್ಲಿ ಸತ್ತನೋ…

ಎಷ್ಟೋ ವರ್ಷದ ಮೇಲೆ ಬನಹಟ್ಟಿಯಲ್ಲಿ ಮಾರ್ಕರ್ ಸಿಕ್ಕ. ಮಗ್ಗದ ಮುಂದೆ ಕುಳಿತಿದ್ದ. ನಾನು ಸಾಹೇಬನನ್ನು ಬಾಯಿಗೆ ಬಂದಂತೆ ಬೈದೆ. ಅವನು ಲಾಳಿ ನಿಲ್ಲಿಸಿದ.

“ಆಂವ ಕೂಳಿನ ಸಲುವಾಗಿ ಅಂದಾ ಬಿಡ್ರಿ, ರಾಯರ. ನಿಮಗ ನೌಕರಿ ಇತ್ತಲ್ರಿ. ಮರುದಿನ ನೀವ್ಯಾಕ ಆಡಿದ್ರಿ?”

ನಾನು ಎದ್ದು ಬಂದೆ. ಹೋದ ಶ್ರಾವಣದಲ್ಲಿ ಅವನು ತೀರಿಕೊಂಡ. ಸಾಹೇಬನನ್ನು ನಾನು ಇವತ್ತಿಗೂ ಬೈಯುತ್ತೇನೆ, ಅದು ಸುಲಭ. ಆ ಪ್ರಶ್ನೆಗೆ ಉತ್ತರ ಮಾತ್ರ ಅವತ್ತೂ ನನಗೆ ಗೊತ್ತಿತ್ತು. ಅಧಿಕಾರಿಗೆ ಹೆದರಿದ್ದೆ, ಅಷ್ಟೇ. ಅದನ್ನು ಕೇಳಬೇಕಾದವನು ಈಗಿಲ್ಲ.