ಗೊತ್ತಿದ್ದೂ ನಿಲ್ಲಬೇಡ

ಅಮೂಲ್ಯ ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟದ್ದರ ಹಿಂದೆ ದೊಡ್ಡ ಕಥೆಯೇನಿಲ್ಲ. ಅಪ್ಪ ತೀರಿಕೊಂಡ ವರ್ಷ ಅವ್ವ ಬೈರಮ್ಮ ಅವಳನ್ನು ಕರೆದುಕೊಂಡು ಮರಳವಾಡಿಯಿಂದ ರಾಮನಗರಕ್ಕೆ ಬಂದಳು. ಟಿ.ಸಿ. ತರುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಹುಡುಗಿ ದೊಡ್ಡವಳಾದಳು.

ಬೈರಮ್ಮನಿಗೆ ಇಮಾಮ್ ಸಾಬರ ರೇಷ್ಮೆ ಘಟಕದಲ್ಲಿ ಕೆಲಸ ಸಿಕ್ಕಿತ್ತು. ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಐದಾರನ್ನು ಸೇರಿಸಿ ರಾಟೆಗೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಬೆರಳು ನೀರಿನಲ್ಲೇ. ಬೇಸಿನ್ನಿಗೆ ಕೂರುವವರಿಗೆ ಕಾಂಪೌಂಡಿನೊಳಗೆ ಒಂದು ಕೋಣೆ ಕೊಡುತ್ತಿದ್ದರು. ಕೂರುವವರಿಲ್ಲದ ಮನೆಗೆ ಕೋಣೆಯೂ ಇಲ್ಲ. ಸಾಬರು ಕೆಟ್ಟವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಜ್ವರ ಬಂದರೆ ಆಟೋ ಕರೆಸುತ್ತಿದ್ದರು. ಆದರೆ ಖಾಲಿ ಬೇಸಿನ್ ಇಟ್ಟುಕೊಂಡು ಘಟಕ ನಡೆಸಲಾಗುವುದಿಲ್ಲ.

ಹಬೆಯೂ ಸತ್ತ ಹುಳುವಿನ ವಾಸನೆಯೂ ಬೈರಮ್ಮನ ಎದೆಗೆ ಇಳಿದಿದ್ದವು. ಆಸ್ಪತ್ರೆಯಲ್ಲಿ ಡಾಕ್ಟರು ಈ ಕೆಲಸ ಬಿಡಬೇಕೆಂದು ಹೇಳಿ, ಉಸಿರು ಕಟ್ಟಿದಾಗ ಬಾಯಿಗೆ ಎಳೆದುಕೊಳ್ಳಲು ಒಂದು ಪಂಪು ಬರೆದುಕೊಟ್ಟರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಬೈರಮ್ಮ ಮಗಳಿಗೆ ಮಾತು ಕೊಟ್ಟಳು.

"ನೀನು ಹತ್ತನೇ ಕ್ಲಾಸು ಪಾಸಾಗೋಗಂಟ ಈ ನೀರು ಮುಟ್ಬ್ಯಾಡ. ನಿನ್ ಅಪ್ಪನ ಆಸೆ ಅದು. ಅಲ್ಲೀಗಂಟ ಎಂಗೋ ನಾನು ಕೂತ್ಕತೀನಿ. ಆಮ್ಯಾಕೆ ನನ್ ಕೈಲಾಗಾಕಿಲ್ಲ ಕಣವ್ವ, ನೀನೇ ಕೂತ್ಕಬೇಕು."

ಅಮೂಲ್ಯ ತಲೆಯಾಡಿಸಿದಳು. ಹತ್ತನೇ ತರಗತಿ ಆಗ ಬಹಳ ದೂರದಲ್ಲಿತ್ತು.

ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಹಳೆಯ ಗೋದಾಮಿನಲ್ಲಿ, ಶಾಲೆ ಬಿಟ್ಟವರಿಗೂ ಫೇಲಾದವರಿಗೂ ಒಂದು ಕೇಂದ್ರವಿತ್ತು. ಅಲ್ಲಿಂದ ಮುಕ್ತ ಶಾಲೆಯ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದಿತ್ತು. ಪಾಠಗಳೆಲ್ಲ ಮುಗಿದವರನ್ನು ಮಾತ್ರ ಕಟ್ಟಿಸುತ್ತಿದ್ದರು, ಮುಗಿದರೆ ಯಾವ ತಿಂಗಳಾದರೂ ಆಯಿತು. ವಿಜ್ಞಾನಕ್ಕೆ ದೊಡ್ಡಮಳೂರಿನ ಮಧುಕುಮಾರ್ ಮೇಷ್ಟ್ರು. ಹಿಂದೆ ಅವರು ರೇಷ್ಮೆ ನೂಲು ಪರೀಕ್ಷಿಸುವ ಲ್ಯಾಬಿನಲ್ಲಿದ್ದವರು. ಕರಿ ಹಲಗೆಗೆ ನೂಲು ಸುತ್ತಿ, ದೀಪಕ್ಕೆ ಹಿಡಿದು, ಎಲ್ಲಿ ದಪ್ಪ ಎಲ್ಲಿ ಸಣ್ಣ ಎಂದು ನೋಡುತ್ತಿದ್ದರಂತೆ. ಅದೇ ಕಣ್ಣಿನಿಂದ ಈಗ ಹುಡುಗರ ಉತ್ತರ ನೋಡುತ್ತಿದ್ದರು.

ಅವರ ಪಾಠದಲ್ಲಿ ಗಂಟೆಯಿಲ್ಲ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದಿಲ್ಲ. ಗೋಡೆಗುಂಟ ಬಿಸ್ಕತ್ತಿನ ತಗಡಿನ ಡಬ್ಬಗಳು, ಅವುಗಳಲ್ಲಿ ಪಾಠದ ಕಾರ್ಡುಗಳು. ಕಾರ್ಡು ತೆಗೆದುಕೊಳ್ಳಬೇಕು, ಅದರಲ್ಲಿರುವುದನ್ನು ಮಾಡಿ ನೋಡಬೇಕು, ಪರೀಕ್ಷೆ ಬರೆಯಬೇಕು, ಸರಿಯಿದ್ದರೆ ಮುಂದಿನದು. ಒಂದೇ ಪಾಠಕ್ಕೆ ಎರಡು ಮೂರು ಬಗೆಯ ಕಾರ್ಡುಗಳಿರುತ್ತಿದ್ದವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮುಜಾಮಿಲ್‌ಗೆ ಘರ್ಷಣೆಯ ಪಾಠ ಬಂದದ್ದು, ತಿರುಗುವ ಮರಕ್ಕೆ ಅರಗು ಒತ್ತಿದರೆ ಯಾಕೆ ಕರಗುತ್ತದೆ ಎಂಬ ಪ್ರಶ್ನೆಯಾಗಿ. ಕೋಡಿಹಳ್ಳಿಯಿಂದ ಬರುತ್ತಿದ್ದ ಹುಡುಗಿಗೆ ಅದೇ ಪಾಠ ಎತ್ತಿನ ಗಾಡಿಯ ಕೀಲೆಣ್ಣೆಯಾಗಿ ಬಂತು. ಬಾಗಿಲ ಮೇಲೆ ಮೇಷ್ಟ್ರು ತಾವೇ ಬರೆದಿದ್ದರು: ಗೊತ್ತಿಲ್ಲದೆ ಮುಂದೆ ಹೋಗಬೇಡ, ಗೊತ್ತಿದ್ದೂ ನಿಲ್ಲಬೇಡ.

ಆ ಕೋಣೆಯಲ್ಲಿ ಅಮೂಲ್ಯ ಓಡಿದಳು. ಇನ್ನೊಂದು ಪದ ಅದಕ್ಕೆ ಹೊಂದುವುದಿಲ್ಲ. ಎಂಟು, ಒಂಬತ್ತರ ವಿಜ್ಞಾನ ಒಂದು ಮಳೆಗಾಲದಲ್ಲಿ ಮುಗಿಯಿತು. ಮೇಷ್ಟ್ರು ಅವಳಿಗಾಗಿ ಭಾನುವಾರ ಕೂತು ಹೊಸ ಕಾರ್ಡು ಬರೆಯಬೇಕಾಯಿತು. "ನಿಧಾನ ಕಣಮ್ಮ, ನಂಗೂ ಬರೆಯೋಕೆ ಟೈಮ್ ಕೊಡು" ಎಂದು ನಗುತ್ತಿದ್ದರು. ಕನ್ನಡ, ಗಣಿತ, ಇತಿಹಾಸ ಎಲ್ಲ ತಯಾರಾಗಿ, ದಸರಾ ಕಳೆಯುವ ಹೊತ್ತಿಗೆ ಹತ್ತನೆಯ ವಿಜ್ಞಾನದಲ್ಲಿ ಅರ್ಧ ಡಬ್ಬ ಮಾತ್ರ ಉಳಿದಿತ್ತು.

ಒಂದು ಸಂಜೆ ಅವಳು ಆ ಡಬ್ಬದೊಳಗೆ ನೋಡಿದಳು. ಕಾರ್ಡುಗಳು ತೀರಾ ಕಡಿಮೆ ಕಂಡವು. ಅವು ಮುಗಿದ ಮಾರನೆಯ ದಿನ ತಾನೆಲ್ಲಿ ಕೂತಿರುತ್ತೇನೆ ಎಂಬುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಅವತ್ತಿನಿಂದ ಅವಳು ತಪ್ಪು ಬರೆಯತೊಡಗಿದಳು.

ಮೊದಲಿಗೆ ಅದು ಅವಳಿಗೆ ಕಷ್ಟವಾಯಿತು. ಸರಿಯಾದ ಉತ್ತರ ಕೈಗೆ ತಾನೇ ಬಂದುಬಿಡುತ್ತಿತ್ತು. ಆಮೇಲೆ ರೂಢಿಯಾಯಿತು. ಲೆಕ್ಕವನ್ನು ಕೊನೆಯವರೆಗೆ ಸರಿಯಾಗಿ ಮಾಡಿ ಕೊನೆಯ ಸಾಲಿನಲ್ಲಿ ಕೆಡಿಸುವುದು. ಮೇಷ್ಟ್ರು "ಮತ್ತೊಮ್ಮೆ" ಎಂದು ಬರೆದು ಅದೇ ಪಾಠದ ಇನ್ನೊಂದು ಕಾರ್ಡು ಕೊಡುತ್ತಿದ್ದರು. ಅದು ಮುಗಿದರೆ ಮಗದೊಂದು. ಆ ಕೋಣೆಯಲ್ಲಿ ನಿಧಾನಕ್ಕೆ ಶಿಕ್ಷೆಯಿರಲಿಲ್ಲ. ಅವಳು ಹಿಡಿದುಕೊಂಡದ್ದು ಅದನ್ನೇ.

ಚಳಿ ಬಂತು. ಬೈರಮ್ಮನ ಉಸಿರು ಶಿಳ್ಳೆ ಹಾಕತೊಡಗಿತು. ರಾತ್ರಿಯೆಲ್ಲ ಗೋಡೆಗೊರಗಿ ಕೂತಿದ್ದು, ಬೆಳಗಾದರೆ ಎದ್ದು ಬೇಸಿನ್ನಿಗೆ ಹೋಗುತ್ತಿದ್ದಳು. ಬೆರಳ ಸಂದಿಗಳು ಬೆಂದು ಬಿಳುಚಿ ಬಿರಿದಿದ್ದವು. ಅಮೂಲ್ಯ ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಎಣ್ಣೆ ಹಚ್ಚುವಾಗ ಪ್ರತಿಸಲವೂ ನಾಳೆ ಸರಿಯಾಗಿ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದಳು. ಬೆಳಿಗ್ಗೆ ಗೋದಾಮಿನ ಬಾಗಿಲಿನಲ್ಲಿ ಚಪ್ಪಲಿ ಬಿಡುವಾಗ ಆ ಮಾತು ಕರಗಿಹೋಗುತ್ತಿತ್ತು.

ತನಗೆ ಬರುವುದನ್ನು ಎಲ್ಲಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ ಎನಿಸುತ್ತಿದ್ದುದರಿಂದ ಅವಳು ಮುಜಾಮಿಲ್‌ಗೆ ಹೇಳಿಕೊಡುತ್ತಿದ್ದಳು. ಅವನಿಗೆ ಎಲ್ಲವೂ ತಡವಾಗಿಯೇ ಅರ್ಥವಾಗುತ್ತಿತ್ತು. ಕರೆಂಟಿನ ಪಾಠದಲ್ಲಿ, ತಂತಿಯ ತಡೆಯನ್ನು ಓಮ್‌ನಲ್ಲಿ ಅಳೆಯುವಲ್ಲಿ, ಸಿಕ್ಕಿಕೊಂಡಿದ್ದ.

"ಮೂರು ಓಮು, ಆರು ಓಮು ಪಕ್ಕಪಕ್ಕ ಜೋಡ್ಸುದ್ರೆ ಒಂಬತ್ತಲ್ವೇನಕ್ಕ?"

"ಅಕ್ಕ ಅಂತೆ! ನನಗಿಂತ ವರ್ಷ ದೊಡ್ಡೋನು ನೀನು. ಗೂಡಿನ ಮಾರ್ಕೆಟ್‌ಗೆ ಒಂದು ಗೇಟ್ ಐತೆ ಅನ್ಕೊ. ಪಕ್ಕದಾಗೆ ಇನ್ನೊಂದು ಸಣ್ಣ ಗೇಟ್ ತೆಗುದ್ರೆ ಜನಕ್ಕೆ ಕಷ್ಟ ಜಾಸ್ತಿ ಆಗ್ತದೋ ಕಮ್ಮಿ ಆಗ್ತದೋ?"

"ಕಮ್ಮಿ."

"ಮತ್ತೆ ಒಂಬತ್ತು ಎಂಗ್ಲಾ ಆಯ್ತದೆ? ಮೂರಕ್ಕಿಂತ್ಲೂ ಕಮ್ಮಿ ಬರ್ಬೇಕು. ಲೆಕ್ಕ ಹಾಕು."

ಮುಜಾಮಿಲ್ ಲೆಕ್ಕ ಹಾಕಿ ಎರಡು ಎಂದು ಬರೆದ. ಅಮೂಲ್ಯ ತನ್ನ ಲೆಕ್ಕದ ಕೊನೆಯ ಸಾಲಿನಲ್ಲಿ ಒಂಬತ್ತು ಎಂದು ಬರೆದಳು.

ಯುಗಾದಿ ಕಳೆದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ, ಘಟಕಕ್ಕೆ ಬಿಡುವಿದ್ದಾಗ, ಬೈರಮ್ಮ ಕೇಂದ್ರದ ಬಾಗಿಲಲ್ಲಿ ಬಂದು ನಿಂತಳು. ಮೆಟ್ಟಿಲು ಹತ್ತಿದ ದಣಿವಿಗೆ ಬಾಗಿಲ ಚೌಕಟ್ಟು ಹಿಡಿದು ಉಸಿರೆಳೆದುಕೊಂಡಳು. ಮೇಷ್ಟ್ರು ಕುರ್ಚಿ ಕೊಟ್ಟರು. ಅವಳು ನೆಲದ ಮೇಲೇ ಕೂತಳು.

"ಮೇಷ್ಟ್ರೇ, ಒಸಿ ಸತ್ಯ ಹೇಳ್ಬುಡಿ. ನನ್ ಮಗ್ಳು ದಡ್ಡಿಯಾ? ಮೊದ್ಲು ಜಾಣೆ ಅಂದ್ರಿ. ಈಗ ನಿಂತ್ಕಂಡ್ಬುಟ್ಟವ್ಳೆ ಅಂತಾರೆ ಎಲ್ರೂ."

ಹಿಂದಿನ ಚಾಪೆಯ ಮೇಲಿದ್ದ ಅಮೂಲ್ಯ ಎದ್ದು ನಿಂತಳು.

ಮೇಷ್ಟ್ರ ಮುಖ ಅರಳಿತು. ಬಹಳ ದಿನದಿಂದ ಹೇಳಬೇಕೆಂದಿದ್ದ ಒಳ್ಳೆಯ ಸುದ್ದಿ ಅವರಲ್ಲಿತ್ತು. "ದಡ್ಡಿಯಾ? ಅಮೂಲ್ಯ, ಬಾಮ್ಮ ಇಲ್ಲಿ. ಮುಜಾಮಿಲ್, ನಿನ್ನ ಕರೆಂಟಿನ ಕಾರ್ಡು ತಾ." ಅವನ ಉತ್ತರವನ್ನೂ ಅಮೂಲ್ಯಳ ಉತ್ತರವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಇವನದು ಸರಿ, ಇವಳದು ತಪ್ಪು. ಇವನಿಗೆ ಯಾರು ಹೇಳಿಕೊಟ್ಟದ್ದು?"

"ಅಮೂಲ್ಯ, ಸಾರ್" ಎಂದ ಮುಜಾಮಿಲ್. ಅದರಿಂದ ಅವಳಿಗೆ ಹೊಗಳಿಕೆ ಸಿಗುತ್ತದೆ ಎಂದುಕೊಂಡಿದ್ದ.

"ನೋಡಿದ್ರಾ? ನಿಜವಾಗಿ ಬರದೇ ಇರೋರು ಒಂದು ಸಲ ಮೊದಲ ಸಾಲಿನಲ್ಲಿ ತಪ್ತಾರೆ, ಒಂದು ಸಲ ನಡುವೆ. ಇವಳು ಯಾವಾಗಲೂ ಕೊನೆ ಸಾಲಿನಲ್ಲೇ. ಇಷ್ಟು ಸಮವಾದ ತಪ್ಪು ತಾನಾಗಿ ಬರೋದಿಲ್ಲಮ್ಮ, ಬೇಕಂತ ಮಾಡಿದ್ದು. ಪರೀಕ್ಷೆ ಅಂದ್ರೆ ಭಯ ಇವಳಿಗೆ, ಅಷ್ಟೇ."

"ಸಾರ್" ಎಂದಳು ಅಮೂಲ್ಯ, "ಒಸಿ ನಿಧಾನ ಆಗ್ಲಿ ಸಾರ್. ದಮ್ಮಯ್ಯ."

"ಯಾಕಮ್ಮ ನಿಧಾನ? ನಿನಗೆ ಎಲ್ಲ ಬರುತ್ತೆ."

ಯಾಕೆಂದು ಅವಳು ಹೇಳಲಾರಳು. ಯಾರಿಗೆ ಅದು ಗೊತ್ತಾಗಬಾರದೋ ಅವಳೇ ಅಲ್ಲಿ ನೆಲದ ಮೇಲೆ ಕೂತಿದ್ದಳು.

ಬೈರಮ್ಮ ಮೇಜಿನ ಮೇಲಿದ್ದ ಹಾಳೆಗಳತ್ತ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಅಂದ್ರೆ ಮೇಷ್ಟ್ರೇ, ಯಾವಾಗ್ಲೋ ಮುಗೀಬೋದಿತ್ತಾ ಇದು?"

"ದೀಪಾವಳಿ ಹೊತ್ತಿಗೇ ಮುಗಿಸ್ತಿದ್ಲು."

ಬೈರಮ್ಮ ತಲೆಯಾಡಿಸಿದಳು. ಆಮೇಲೆ ಮಗಳ ಕಡೆ ತಿರುಗಿ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಮೆತ್ತಗೆ ಕೇಳಿದಳು.

"ಸಂಕ್ರಾಂತಿ ದಿನ ಉಸ್ರು ಕಟ್ಟಿ ಬೇಸಿನ್ ಮ್ಯಾಲೇ ಬಿದ್ನಲ್ಲ, ಸಾಬ್ರು ಎತ್ಕಂಡ್ ಬಂದ್ರಲ್ಲ, ಆಗ್ಲೂ ಬತ್ತಿತ್ತಾ ನಿಂಗೆ ಇದು?"

ಅಮೂಲ್ಯ ಮೇಜಿನ ಮೇಲಿದ್ದ ತನ್ನ ಹಾಳೆ ಮಡಿಸತೊಡಗಿದಳು.

"ಹೇಳೇ."

"ಬತ್ತಿತ್ತು ಕಣವ್ವ."

ಬೈರಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಸೆರಗಿನೊಳಗೆ ಎರಡು ಕೈಯನ್ನೂ ಸೇರಿಸಿಕೊಂಡಳು, ಇನ್ನು ಯಾರೂ ಅವನ್ನು ನೋಡಬಾರದು ಎಂಬಂತೆ. "ಪರೀಕ್ಸೆಗೆ ಕಟ್ಸಿ ಮೇಷ್ಟ್ರೇ" ಎಂದಳು.

ಮೇಷ್ಟ್ರಿಗೆ ಆಮೇಲೆ ಎಲ್ಲವೂ ಗೊತ್ತಾಯಿತು. ಅಮೂಲ್ಯಳಿಂದ ಕೇಳಿ ತಿಳಿದಿದ್ದ ಮುಜಾಮಿಲ್ ಹೇಳಿದ, ಬಿಕ್ಕುತ್ತಾ ಹೇಳಿದ. ಅವರು ಸಾಬರ ಹತ್ತಿರ ಹೋಗಿ ಮಾತಾಡಿದರು, ಬೇಸಿನ್ ಖಾಲಿಯಿಡಲಾಗದು ಎಂಬ ಉತ್ತರ ಬಂತು. ಕೇಂದ್ರ ನಡೆಸುವ ಟ್ರಸ್ಟಿನವರನ್ನು ಕೇಳಿದರು. ಪಾಠ ಹೇಳುವುದು ನಮ್ಮ ಕೆಲಸ, ಬಾಡಿಗೆಗೆ ಮನೆ ಹುಡುಕುವುದಲ್ಲ ಎಂದರು ಅವರು. ಅಮೂಲ್ಯಳನ್ನು ಕರೆದು, ಬೇಕಾದರೆ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳೋಣ ಎಂದೂ ಹೇಳಿ ನೋಡಿದರು.

"ಬ್ಯಾಡ ಸಾರ್" ಎಂದಳು. "ಈಗ ಮನೇಲಿ ಅವ್ವ ಎಣ್ಣೆ ಹಚ್ಚಿಸ್ಕಳಾಕಿಲ್ಲ ನನ್ ಕೈಲಿ."

ಆ ಪರೀಕ್ಷೆಯಲ್ಲಿ ಅವಳು ಯಾವ ಸಾಲನ್ನೂ ಕೆಡಿಸಲಿಲ್ಲ.

ಅಂಕಪಟ್ಟಿ ಬಂದು ವಾರ ಕಳೆದರೂ ಅವಳು ಬರದಿದ್ದಾಗ ಮೇಷ್ಟ್ರು ತಾವೇ ಘಟಕಕ್ಕೆ ತೆಗೆದುಕೊಂಡು ಹೋದರು. ಬಾಗಿಲಲ್ಲೇ ಇಮಾಮ್ ಸಾಬರು ಎದುರಾದರು. "ಬನ್ನಿ ಬನ್ನಿ ಮೇಷ್ಟ್ರೇ. ಒಳ್ಳೆ ಹುಡ್ಗೀನ ತಯಾರು ಮಾಡಿದ್ದೀರಿ. ಬಂದು ತಿಂಗಳಾಗಿಲ್ಲ, ನೂಲು ಒಂದೇ ಸಮ ಬತ್ತದೆ ನೋಡಿ."

ಕೋಣೆಯ ಹೊಸಿಲ ಮೇಲೆ ಬಿಸಿಲಿಗೆ ಕೂತಿದ್ದ ಬೈರಮ್ಮ ಎದ್ದು ಕೈಮುಗಿದಳು. ಬೆರಳ ಗಾಯ ಮಾಯುತ್ತಾ ಬಂದಿತ್ತು. "ನಿಮ್ಮಿಂದ್ಲೇ ಸಾಮಿ ನಾನು ಎದ್ದಿದ್ದು. ಇಲ್ದಿದ್ರೆ ಇನ್ನೂ ಅಲ್ಲೇ ಕೂತಿರ್ತಿದ್ದೆ" ಎಂದು, ಟೀ ಇಡಲು ಒಳಗೆ ಹೋದಳು.

ಅಮೂಲ್ಯ ಬೇಸಿನ್ನಿನ ಮುಂದೆ ಇದ್ದಳು. ಹಬೆಯಲ್ಲಿ ಮುಖ ಕೆಂಪಾಗಿತ್ತು. ಮೇಷ್ಟ್ರು ಅಂಕಪಟ್ಟಿ ಚಾಚಿದರು.

"ಅಲ್ಲಿ ಇಡಿ ಸಾರ್. ಕೈ ಒದ್ದೆ."

ಅವರು ಕಿಟಕಿಯ ದಂಡೆಯ ಮೇಲಿಟ್ಟು, ಹಾರದಂತೆ ಅದರ ಮೇಲೆ ತಮ್ಮ ಪೆನ್ನು ಇಟ್ಟರು. ಪಿಯುಸಿಯ ಬಗ್ಗೆ ಏನೋ ಹೇಳಬೇಕೆಂದು ಬಂದಿದ್ದರು. ತಿರುಗುವ ರಾಟೆಯನ್ನೇ ನೋಡುತ್ತಾ ನಿಂತರು.

ಒಂದು ಎಳೆ ತುಂಡಾಯಿತು. ಅವಳು ಬಿಸಿನೀರಿನಲ್ಲಿ ಬೆರಳಾಡಿಸಿ ಹೊಸ ತುದಿ ಹಿಡಿದು ಸೇರಿಸಿದಳು. ಆಮೇಲೆ, ತಲೆಯೆತ್ತದೆ, ಕೇಳಿದಳು:

"ಮುಜಾಮಿಲ್ ಎಲ್ಲೀಗಂಟ ಬಂದ ಸಾರ್?"

"ಬೆಳಕಿನ ಪಾಠದಲ್ಲಿದ್ದಾನೆ. ಮೂರನೇ ಸಲ ಬರೀತಾ ಇದಾನೆ."

"ಬರೀಲಿ ಬುಡಿ ಸಾರ್" ಎಂದಳು ಅಮೂಲ್ಯ. "ಅವನ್ನ ಅವಸರ ಮಾಡ್ಬ್ಯಾಡಿ."