ಕೆಳಗಿನಿಂದ ಮೇಲಕ್ಕೆ

ನಮ್ಮ ಭಾವನಿಗೆ ಪ್ರೆಸ್ಸಿನಲ್ಲಿ ‘ಕೆಂಪುಶಾಯಿ’ ಎಂದೇ ಹೆಸರು. ಇಂಗ್ಲಿಷ್ ಪಠ್ಯಪುಸ್ತಕಗಳ ಪ್ರೂಫ್ ತಿದ್ದುವ ಕೆಲಸ. ಅಕ್ಕನ ಮದುವೆಯ ಹೊಸದರಲ್ಲಿ ಅಲ್ಲಿಗೆ ಹೋದಾಗ ನೋಡಿದ್ದೆ: ಕಿಟಕಿ ಪಕ್ಕದ ಮೇಜು, ಹಾಳೆಯ ಮೇಲೊಂದು ರಟ್ಟಿನ ಪಟ್ಟಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದು. ಇದೆಂಥ ತಲೆಕೆಳಗಾದ ಓದು ಎಂದು ಕೇಳಿದ್ದಕ್ಕೆ, “ಅರ್ಥದ ಹಿಂದೆ ಹೋದ್ರೆ ತಪ್ಪು ಕಣ್ಣಿಗೆ ಬೀಳಲ್ಲ ಕಣೋ” ಎಂದಿದ್ದರು. ಒಂದು ಕಥೆಯನ್ನು ಹೀಗೇ ತಿದ್ದಿ ಮುಗಿಸಿ, ಅದರಲ್ಲಿ ಕೊನೆಗೆ ಸತ್ತವರು ಯಾರೆಂದು ನನ್ನನ್ನು ಕೇಳಿದ ಪುಣ್ಯಾತ್ಮರು.

ಮೊಬೈಲು ಬಂದ ಮೇಲೆ ಇಂಗ್ಲಿಷಿಗೆ ಗ್ರಹಚಾರ ಕೆಟ್ಟಿತೆಂದು ಅವರ ನಂಬಿಕೆ. ನಗುವುದಕ್ಕೂ ಮೂರಕ್ಷರ, ಗಾಬರಿಗೂ ಮೂರಕ್ಷರ, ಪೂರ್ಣವಿರಾಮ ಇರಬೇಕಾದಲ್ಲಿ ಒಂದು ಹಳದಿ ಮೂತಿ. ಆ ಭಾಷೆಯವರು ಹಾಯಾಗಿ ನಿದ್ದೆ ಮಾಡುತ್ತಿದ್ದರು. ತಲೆ ಮೇಲೆ ಕೈಹೊತ್ತು ಕೂತವರು ನಮ್ಮ ಭಾವ. ಬೇರೆ ಊರಿನಲ್ಲಿ ಸಂಸಾರ ಹೂಡಿದ್ದ ಮಗಳು ದಿನವೂ ಅಪ್ಪನಿಗೆ ಅದೇ ತುಂಡು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಬಸ್ಸು ತಪ್ಪಿತು, ಹಾಲು ಉಕ್ಕಿತು, ಅಷ್ಟೇ. ಭಾವ ತಿದ್ದಿ ವಾಪಸು ಕಳಿಸುತ್ತಿದ್ದರು. ಅವಳು ನಾಲಗೆ ಚಾಚಿದ ಮುಖ ಕಳಿಸುತ್ತಿದ್ದಳು. ಅಪ್ಪ ಮಗಳ ಮುದ್ದು ಅದು, ನಾವ್ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ.

ಅವಳು ಬಸುರಿಯಾಗಿದ್ದ ವರ್ಷ, ಒಂದು ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಪೇಪರು ಓದುತ್ತಾ ಕೂತಿದ್ದೆ. ಭಾವನ ಫೋನು ಸದ್ದು ಮಾಡಿತು. ಅವರು ಕನ್ನಡಕ ಏರಿಸಿ, ರಟ್ಟಿನ ಪಟ್ಟಿಯ ಬದಲು ಬೆರಳು ಅಡ್ಡ ಹಿಡಿದು, ಕೆಳಗಿನಿಂದ ಮೇಲಕ್ಕೆ ಓದಿ, ತಿದ್ದಿ ಕಳಿಸಿಯೂ ಬಿಟ್ಟರು. ಸಾಲಿಗೆರಡು ತಪ್ಪು, ಇಂಗ್ಲಿಷಿನ ಕಥೆ ಮುಗಿಯಿತು ಎನ್ನುತ್ತಾ ಫೋನನ್ನು ನನ್ನ ಕೈಗಿಟ್ಟರು. ನಾನು ಎಲ್ಲರಂತೆ ಮೇಲಿನಿಂದ ಓದಿದೆ. ಆಸ್ಪತ್ರೆಯಲ್ಲಿದ್ದೇನೆ, ಮಗು ಉಳಿಯಲಿಲ್ಲ, ಅಮ್ಮನಿಗೆ ನೀನೇ ಹೇಳು, ನನ್ನ ಕೈಲಾಗದು ಎಂದಿತ್ತು.

“ಭಾವ, ಏನು ಬರೆದಿದ್ದಾಳೆ ಅಂತ ನೋಡಿದ್ರಾ?” ಎಂದೆ.

ಅವರು ಫೋನು ಇಸಿದುಕೊಂಡು ಮತ್ತೊಮ್ಮೆ ಓದಿದರು. ಅಂಥ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ಕರೆ ಮಾಡಿದರೆ ಅವಳು ಎತ್ತಲಿಲ್ಲ. ಅಕ್ಕನನ್ನು ಕರೆದುಕೊಂಡು ಆಗಲೇ ಬಸ್ಸು ಹತ್ತಿದರು. ಅವಳು ಅಮ್ಮನನ್ನು ತಬ್ಬಿ ಅತ್ತಳಂತೆ. ಅಪ್ಪನನ್ನು ಬೈಯಲಿಲ್ಲ. ಮಾತು ಕಲಿತಾಗಿನಿಂದ ‘ನೀನು’ ಎನ್ನುತ್ತಿದ್ದವಳು ಕುರ್ಚಿ ತೋರಿಸಿ, “ಕೂತ್ಕೊಳ್ಳಿ” ಎಂದಳಂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಭಾವ ಇವತ್ತಿಗೂ ಹೇಳುತ್ತಾರೆ.

ಈಗಲೂ ಸಂದೇಶ ಬರುತ್ತದೆ, ಭಾನುವಾರಕ್ಕೊಂದು. ನಾನು ಆರೋಗ್ಯವಾಗಿದ್ದೇನೆ, ನೀವೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ಎತ್ತಿ ಪಠ್ಯಪುಸ್ತಕಕ್ಕೆ ಹಾಕಬಹುದಾದ ಇಂಗ್ಲಿಷು. ಭಾವ ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ, ಮತ್ತೆ ಓದುತ್ತಾರೆ. ಮೊನ್ನೆ ನನಗೂ ಕೊಟ್ಟರು.

“ನಿನ್ನ ಕಣ್ಣು ಚುರುಕು. ಎಲ್ಲಾದ್ರೂ ಒಂದು ತಪ್ಪು ಸಿಗುತ್ತಾ ನೋಡೋ” ಎಂದರು.

ನಾನು ಹುಡುಕಿದೆ. ಒಂದೂ ಇರಲಿಲ್ಲ.